ಅಮ್ಮನಿಗೆ ವಿಟಮಿನ್ ಕೊಟ್ಟರೆ ಟಿಬಿ ಕ್ರಿಮಿಗೂ ಊಟ ಹಾಕಿದಂತಾಗುತ್ತದೆಯೇ?

ಅಮ್ಮನ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಶ್ವಾಸಕೋಶದ ಟಿಬಿ. ಮಾತ್ರೆ ಶುರುವಾಗಿ 19 ದಿನ ಆಯಿತು. ತೂಕ 38 ಕೆಜಿ. ದಿನಾ ಬೆಳಿಗ್ಗೆ ಮೂರು ದೊಡ್ಡ ಮಾತ್ರೆ, ಜೊತೆಗೆ ಚಿಕ್ಕದೊಂದು ಬಿ6 ಮಾತ್ರೆ. ಇಲ್ಲಿಯವರೆಗೆ ಒಂದು ದಿನವೂ ತಪ್ಪಿಸಿಲ್ಲ.

ಮೊನ್ನೆ ನೋಡಲು ಬಂದ ನೆಂಟರೊಬ್ಬರು ಮೊಬೈಲಿನಲ್ಲಿ ಬಂದ ಒಂದು ಮೆಸೇಜ್ ಓದಿ ಹೇಳಿದರು. ಬ್ಯಾಕ್ಟೀರಿಯಾ ಬೆಳೆಯಲು ವಿಟಮಿನ್ ಬೇಕಂತೆ, ರೋಗಿಗೆ ವಿಟಮಿನ್ ಕೊಟ್ಟರೆ ಕ್ರಿಮಿಯೇ ಮೊದಲು ತಿನ್ನುತ್ತದಂತೆ, ಅದಕ್ಕೇ ಹಳಬರು ಜ್ವರ ಬಂದರೆ ಲಂಘನ ಮಾಡಿಸುತ್ತಿದ್ದರಂತೆ. ಅವತ್ತಿನಿಂದ ಅಮ್ಮ ಹಾಲು, ಮೊಟ್ಟೆ ಮುಟ್ಟುತ್ತಿಲ್ಲ. ಬಿ6 ಮಾತ್ರೆಯನ್ನು ತಟ್ಟೆಯ ಅಂಚಿಗೆ ಸರಿಸಿ ಇಡುತ್ತಾರೆ. "ನಾನು ತಿಂದದ್ದು ಅದಕ್ಕೇ ಹೋಗುವುದಾದರೆ ಯಾಕೆ ತಿನ್ನಲಿ" ಅನ್ನುತ್ತಾರೆ. ಈ ಮಾತಿಗೆ ಏನು ಉತ್ತರ ಕೊಡಬೇಕೋ ತಿಳಿಯುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಅಮ್ಮನಿಗೆ ಓದಿ ಹೇಳುತ್ತೇನೆ.

ಧಾರವಾಡದ ಮೇಷ್ಟ್ರು

ಮೊದಲು ನೇರ ಉತ್ತರ. ಮೊಟ್ಟೆ ಕೊಡಿ, ಹಾಲು ಕೊಡಿ, ಬಿ6 ನಿಲ್ಲಿಸಬೇಡಿ. ಕಾರಣ ಈಗ ಹೇಳುತ್ತೇನೆ. ನಾನು ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವನು, ಸ್ವಲ್ಪ ಉದ್ದ ಆಗಬಹುದು.

ನೆಂಟರ ಮಾತಿನಲ್ಲಿ ಅರ್ಧ ನಿಜ. ಬ್ಯಾಕ್ಟೀರಿಯಾಕ್ಕೂ ವಿಟಮಿನ್ ಬೇಕೇ ಬೇಕು. ಆದರೆ ಅದನ್ನು ಎಲ್ಲಿಂದ ತರುತ್ತದೆ ಅನ್ನುವುದು ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದು ರೀತಿ. ಕೆಲವು ನಮ್ಮಿಂದ ಕದಿಯುತ್ತವೆ. ಕೆಲವು ತಾವೇ ತಯಾರಿಸಿಕೊಳ್ಳುತ್ತವೆ. ಕೆಲವು ಎರಡನ್ನೂ ಮಾಡುತ್ತವೆ. ಟಿಬಿ ಬ್ಯಾಕ್ಟೀರಿಯಾ ಬಹುಪಾಲು ಸ್ವಂತ ಅಡುಗೆಯ ಜಾತಿ. ಬಯೋಟಿನ್ (ಬಿ7), ಬಿ5, ಬಿ6, ರೈಬೋಫ್ಲೇವಿನ್ (ಬಿ2), ಫೋಲೇಟ್ (ಬಿ9) ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಒಲೆ, ಪಾತ್ರೆ, ದಿನಸಿ ಎಲ್ಲ ಹೊತ್ತುಕೊಂಡು ಬಾಡಿಗೆಗೆ ಬಂದವರಿದ್ದ ಹಾಗೆ. ಮನೆಯವರು ಉಪವಾಸ ಇದ್ದರೂ ಅವರ ಒಲೆ ಆರುವುದಿಲ್ಲ.

ಯಾಕೆ ಹೀಗೆ? ಟಿಬಿ ಬ್ಯಾಕ್ಟೀರಿಯಾ ಇರುವುದು ನಮ್ಮದೇ ಬಿಳಿ ರಕ್ತಕಣಗಳ ಒಳಗೆ, ಒಂದು ಪುಟ್ಟ ಚೀಲದಲ್ಲಿ. ನುಂಗಿದ ಕ್ರಿಮಿಯನ್ನು ಕೊಲ್ಲಲು ಕಣ ಮಾಡಿಕೊಂಡ ಚೀಲ ಅದು. ಅಲ್ಲಿಗೆ ನಾವು ತಿಂದ ವಿಟಮಿನ್ ಸಲೀಸಾಗಿ ತಲುಪುವುದಿಲ್ಲ.

ಬಯೋಟಿನ್ ತೆಗೆದುಕೊಳ್ಳಿ. ಟಿಬಿ ಬ್ಯಾಕ್ಟೀರಿಯಾದ ಮೈಮೇಲೆ ದಪ್ಪ ಮೇಣದ ಹೊದಿಕೆ ಇದೆ. ಸಾಮಾನ್ಯ ಔಷಧಿಗಳು ಅದಕ್ಕೆ ನಾಟದಿರಲು ಆ ಹೊದಿಕೆ ಒಂದು ದೊಡ್ಡ ಕಾರಣ. ಆ ಮೇಣ ನೇಯಲು ಕೊಬ್ಬಿನಾಮ್ಲ ಬೇಕು, ಕೊಬ್ಬಿನಾಮ್ಲ ಮಾಡಲು ಬಯೋಟಿನ್ ಬೇಕು. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಯೋಟಿನ್ ಮಾಡುವ ಬಯೋಎ ಅನ್ನುವ ಜೀನ್‌ಗೆ ಒಂದು ಸ್ವಿಚ್ ಕೂರಿಸಿದರು. ಸ್ವಿಚ್ ಆರಿಸಿದ ಬ್ಯಾಕ್ಟೀರಿಯಾ ಇಲಿಯಲ್ಲಿ ಸೋಂಕು ಹಿಡಿಸಲಾಗಲಿಲ್ಲ. ಸೋಂಕು ಕೂತ ಮೇಲೆ ಆರಿಸಿದರೂ ಅದಕ್ಕೆ ಉಳಿಯಲಾಗಲಿಲ್ಲ. ಗಮನಿಸಿ, ಆ ಇಲಿಗಳ ಮೈಯಲ್ಲಿ ಬಯೋಟಿನ್ ಇತ್ತು. ಆದರೂ ಅದರ ಹೊಟ್ಟೆ ತುಂಬಲಿಲ್ಲ.

ಬಿ5 ಕತೆಯೂ ಅದೇ. ಅದರ ಪೂರ್ತಿ ಹೆಸರು ಪ್ಯಾಂಟೊಥೆನಿಕ್ ಆಮ್ಲ. ಗ್ರೀಕ್ ಭಾಷೆಯಲ್ಲಿ "ಎಲ್ಲ ಕಡೆಯಿಂದ" ಅನ್ನುವ ಅರ್ಥದ ಮಾತಿನಿಂದ ಬಂದ ಹೆಸರು. ಬೇಳೆ, ಅಕ್ಕಿ, ಹಾಲು, ಸೊಪ್ಪು, ಎಲ್ಲದರಲ್ಲೂ ಇದೆ. ಬಿ5 ಮಾಡುವ ಎರಡು ಜೀನ್ ತೆಗೆದುಹಾಕಿದ ಟಿಬಿ ಬ್ಯಾಕ್ಟೀರಿಯಾವನ್ನು 2002ರಲ್ಲಿ ಅಮೆರಿಕದ ಒಂದು ಗುಂಪು ತಯಾರಿಸಿತು. ಲ್ಯಾಬಿನ ತಟ್ಟೆಯಲ್ಲಿ ಬಿ5 ಹಾಕಿದರೆ ಅದು ಚೆನ್ನಾಗಿ ಬೆಳೆಯುತ್ತದೆ. ಇಲಿಯೊಳಗೆ ಮಾತ್ರ ಸೋತು ಸುಣ್ಣವಾಗುತ್ತದೆ. ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳೂ ಅದರ ಜೊತೆ ತಿಂಗಳುಗಟ್ಟಲೆ ಬದುಕಿದವು. ಎಲ್ಲ ಊಟದಲ್ಲೂ ಇರುವ ವಿಟಮಿನ್ನೇ ಅದಕ್ಕೆ ಸಿಗಲಿಲ್ಲ ಅಂದರೆ ನಿಮ್ಮಮ್ಮ ತಿಂದ ಒಂದು ಮೊಟ್ಟೆ ನೇರವಾಗಿ ಅದರ ಬಾಯಿಗೆ ಹೋಗುತ್ತದೆ ಅನ್ನುವುದು ಹೇಗೆ ಒಪ್ಪುವ ಮಾತು?

ಬಿ6 ಕೂಡ ಹಾಗೆಯೇ. ಸ್ವಂತ ಬಿ6 ಮಾಡಲಾಗದ ಟಿಬಿ ಬ್ಯಾಕ್ಟೀರಿಯಾ ಇಲಿಯಲ್ಲಿ ಉಳಿಯುವುದಿಲ್ಲ ಅನ್ನುವುದು 2010ರಲ್ಲೇ ಪ್ರಕಟವಾಗಿದೆ.

ಕರಾವಳಿ ಡಾಕ್ಟರ್

ಮೇಷ್ಟ್ರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಬಿ6 ಮಾತ್ರೆ ಯಾಕೆ ಕೊಟ್ಟಿದ್ದಾರೆ ಅಂತ ಅಮ್ಮನಿಗೆ ಯಾರೂ ಹೇಳಿದಂತಿಲ್ಲ. ಅದು ಶಕ್ತಿಗೆ ಕೊಡುವ ಮಾತ್ರೆಯಲ್ಲ.

ಆ ದೊಡ್ಡ ಮಾತ್ರೆಯಲ್ಲಿ ನಾಲ್ಕು ಔಷಧಿ ಇವೆ: ಐಸೋನಿಯಾಜಿಡ್ 75 ಮಿಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬ್ಯುಟಾಲ್ 275. ಇದರಲ್ಲಿ ಐಸೋನಿಯಾಜಿಡ್ ನಮ್ಮ ಮೈಯ ಬಿ6 ಅನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಬಿ6 ಇಳಿದರೆ ನರಗಳಿಗೆ ಪೆಟ್ಟು. ಅಂಗಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ, ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ. ಬಡಕಲು ಮೈಯವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಕುಡಿಯುವವರಿಗೆ, ಬಸುರಿಯರಿಗೆ ಇದು ಬೇಗ ಬರುತ್ತದೆ. ನಿಮ್ಮಮ್ಮನ ತೂಕ 38 ಕೆಜಿ. ಆ ಚಿಕ್ಕ ಮಾತ್ರೆ ಅವರ ಕಾಲು ಕಾಯುತ್ತಿದೆ. ಇವತ್ತಿನಿಂದಲೇ ಮತ್ತೆ ಶುರು ಮಾಡಿಸಿ.

ಅಂಗಾಲು ಜುಮ್ಮೆನ್ನುತ್ತದೆಯೇ ಅಂತ ಒಮ್ಮೆ ಕೇಳಿ. ಹೌದು ಅಂದರೆ ಮುಂದಿನ ಭೇಟಿಗೆ ಕಾಯಬೇಡಿ, ಡಾಕ್ಟರಿಗೆ ತಿಳಿಸಿ.

ಲ್ಯಾಬ್ ಬೆಂಚು, ಶಿವಮೊಗ್ಗ

ಮೇಷ್ಟ್ರು ಅಡುಗೆ ಅಂದರಲ್ಲ, ಆ ಅಡುಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲ್ಯಾಬಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಟಿಬಿ ಬೇಗ ಪತ್ತೆ ಹಚ್ಚುವ ಕಾರ್ಟ್ರಿಡ್ಜ್ ಮಷೀನು ಬರುವ ಮುಂಚೆ ಟಿಬಿ ಕಫವನ್ನು ಮೊಟ್ಟೆ ಹಾಕಿ ಮಾಡಿದ ಹಸಿರು ಮಾಧ್ಯಮದ ಮೇಲೆ ಬೆಳೆಸುತ್ತಿದ್ದೆವು. ಮೂರು ವಾರ, ಒಮ್ಮೊಮ್ಮೆ ಎಂಟು ವಾರ ಕಾಯಬೇಕು. ಆಮೇಲೆ ಒಣ ರೊಟ್ಟಿ ಪುಡಿ ಉದುರಿಸಿದ ಹಾಗೆ ಒರಟೊರಟಾದ, ಕೆನೆ ಬಣ್ಣದ ಗಂಟುಗಳು ಏಳುತ್ತಿದ್ದವು.

ಇದು ಟಿಬಿಯೋ, ಅದರ ಬೇರೆ ಸಂಬಂಧಿಯೋ ಅಂತ ತಿಳಿಯಲು ನಯಾಸಿನ್ ಪರೀಕ್ಷೆ ಇತ್ತು. ನಯಾಸಿನ್ ಅಂದರೆ ಬಿ3. ಟಿಬಿ ಬ್ಯಾಕ್ಟೀರಿಯಾ ಇದನ್ನು ಎಷ್ಟು ಮಾಡುತ್ತದೆ ಅಂದರೆ ಖರ್ಚಾಗದೆ ಮಾಧ್ಯಮಕ್ಕೆ ಸುರಿದುಬಿಡುತ್ತದೆ. ನಾವು ಟ್ಯೂಬಿನಲ್ಲಿ ಓರೆಯಾಗಿ ಕೂತ ಆ ಮಾಧ್ಯಮದ ಮೇಲೆ ಸ್ವಲ್ಪ ನೀರು ಬಿಟ್ಟು, ಗಂಟುಗಳ ನಡುವೆ ಚುಚ್ಚಿ, ಅರ್ಧ ಗಂಟೆ ಬಿಡುತ್ತಿದ್ದೆವು. ಆ ನೀರನ್ನು ತೆಗೆದು ಅನಿಲೀನ್, ಸಯನೋಜೆನ್ ಬ್ರೋಮೈಡ್ ಸೇರಿಸಿದರೆ ಕೂಡಲೇ ಹಳದಿ. ಅರಿಸಿನ ಕದಡಿದ ನೀರಿನ ಬಣ್ಣ. ಸಯನೋಜೆನ್ ಬ್ರೋಮೈಡ್ ವಿಷ, ಹುಡ್ ಒಳಗೆ ಕೈ ಇಟ್ಟು ಮಾಡಬೇಕಿತ್ತು. ದನಗಳ ಟಿಬಿ ಬ್ಯಾಕ್ಟೀರಿಯಾಕ್ಕೆ ಆ ಹಳದಿ ಬರುವುದಿಲ್ಲ. ಒಂದು ವಿಟಮಿನ್ ನೋಡಿ ಕ್ರಿಮಿಯ ಗುರುತು ಹಿಡಿಯುತ್ತಿದ್ದೆವು.

ಹಾಗಂತ ಎಲ್ಲ ಬ್ಯಾಕ್ಟೀರಿಯಾವೂ ಹೀಗೆ ಶ್ರೀಮಂತವಲ್ಲ. ಮಕ್ಕಳಿಗೆ ಮೆದುಳು ಜ್ವರ, ನ್ಯುಮೋನಿಯಾ ತರುವ ಹಿಮೋಫಿಲಸ್ ಇನ್‌ಫ್ಲುಯೆಂಜಾ ನೋಡಿ. ಅದಕ್ಕೆ ಬಿ3ಯಿಂದ ಆಗುವ ಎನ್‌ಎಡಿ ಅನ್ನುವ ವಸ್ತುವನ್ನು ಮೊದಲಿನಿಂದ ಮಾಡಿಕೊಳ್ಳಲು ಬರುವುದೇ ಇಲ್ಲ. ಬೇರೆಯವರು ಮಾಡಿದ್ದನ್ನು ಎತ್ತಿಕೊಳ್ಳಬೇಕು. ಕುರಿ ರಕ್ತದ ಮಾಮೂಲಿ ತಟ್ಟೆಯಲ್ಲಿ ಹಚ್ಚಿದರೆ ಏನೂ ಏಳುವುದಿಲ್ಲ. ಎನ್‌ಎಡಿ ಕೆಂಪು ಕಣಗಳ ಒಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಚೂರುಪಾರು ಹೊರಬಂದರೆ ರಕ್ತದಲ್ಲಿರುವ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಅದಕ್ಕೇ ರಕ್ತವನ್ನು ಸುಮಾರು 80 ಡಿಗ್ರಿಗೆ ಬಿಸಿ ಮಾಡುತ್ತೇವೆ. ಕಣ ಒಡೆಯುತ್ತದೆ, ಕಿಣ್ವ ಸಾಯುತ್ತದೆ, ತಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ. ಚಾಕಲೇಟ್ ಅಗರ್ ಅಂತಾರೆ, ಚಾಕಲೇಟ್ ಏನೂ ಹಾಕಿರುವುದಿಲ್ಲ.

ಇನ್ನೊಂದು ದಾರಿ ಇದೆ. ರಕ್ತದ ತಟ್ಟೆಯ ತುಂಬ ಹಿಮೋಫಿಲಸ್ ಹಚ್ಚಿ, ನಡುವೆ ಸ್ಟೆಫೈಲೋಕಾಕಸ್ ಅನ್ನುವ ಬೇರೊಂದು ಬ್ಯಾಕ್ಟೀರಿಯಾದ ಗೆರೆ ಎಳೆಯುತ್ತೇವೆ. ಮಾರನೇ ದಿನ ಬೆಳಿಗ್ಗೆ ತೆಗೆದು ನೋಡಿದರೆ ಆ ಗೆರೆಯ ಎರಡೂ ಬದಿಗೆ ಇಬ್ಬನಿ ಹನಿಯಂಥ ಪುಟ್ಟ ಪುಟ್ಟ ಚುಕ್ಕಿಗಳು. ಗೆರೆಯ ಹತ್ತಿರ ದಪ್ಪ, ದೂರ ಹೋದಂತೆ ಸಣ್ಣ, ಆಮೇಲೆ ಏನೂ ಇಲ್ಲ. ಸ್ಟೆಫೈಲೋಕಾಕಸ್ ರಕ್ತಕಣ ಒಡೆದು, ತನ್ನಲ್ಲಿದ್ದ ಎನ್‌ಎಡಿಯನ್ನೂ ಸೋರಲು ಬಿಟ್ಟದ್ದನ್ನು ಇದು ತಿಂದು ಬೆಳೆದಿರುತ್ತದೆ. ಮೊದಲ ಸಲ ನೋಡಿದಾಗ ಆ ತಟ್ಟೆಯನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ. ಈಗಿನ ಮಕ್ಕಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದರ ಬಿ ತಳಿಯ ವಿರುದ್ಧದ ಲಸಿಕೆಯೂ ಸೇರಿದೆ.

ಪ್ರಶ್ನೆ ಕೇಳುವವ

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಒಂದು ಸಂಶಯ. ಸೋಂಕು ಬಂದಾಗ ನಮ್ಮ ಮೈ ಕಬ್ಬಿಣವನ್ನು ಬಚ್ಚಿಡುತ್ತದೆ, ಕ್ರಿಮಿಗೆ ಸಿಗಬಾರದು ಅಂತ. ಇದು ಒಪ್ಪಿತವಾದ ವಿಷಯ ಅಲ್ವಾ? ಹಾಗಿದ್ದರೆ ವಿಟಮಿನ್ನನ್ನೂ ಬಚ್ಚಿಡುತ್ತಿರಬೇಕು. ಆಗ ನೆಂಟರ ಮಾತನ್ನು ಪೂರ್ತಿ ತಳ್ಳಿಹಾಕುವುದು ಹೇಗೆ?

ಧಾರವಾಡದ ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಕೇಳಲೇಬೇಕಾದದ್ದು. ಕಬ್ಬಿಣದ ವಿಷಯ ನಿಜ. ವಿಟಮಿನ್ ಬಚ್ಚಿಡುವುದೂ ಇದೆ. ಅದನ್ನು ನೋಡಲು ಲ್ಯಾಬ್ ಬೇಡ, ಅಡುಗೆಮನೆಗೆ ಹೋಗಿ ಒಂದು ಹಸಿ ಮೊಟ್ಟೆ ಒಡೆಯಿರಿ.

ಬಿಳಿಯನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿಯಿರಿ. ಪೂರ್ತಿ ಬಣ್ಣವಿಲ್ಲದ್ದಲ್ಲ, ತುಸು ಹಸಿರು ಬೆರೆತ ಹಳದಿ. ಅದು ರೈಬೋಫ್ಲೇವಿನ್, ಬಿ2. ಒಂದು ಪ್ರೋಟೀನ್ ಅದನ್ನು ತಬ್ಬಿ ಹಿಡಿದುಕೊಂಡಿರುತ್ತದೆ. ಮರಿಗೆ ಬೇಕಾದ ಬಿ2 ಅನ್ನು ತಾಯಿಕೋಳಿಯಿಂದ ಮೊಟ್ಟೆಗೆ ಹೊತ್ತು ತರುವುದೂ ಇಂಥ ಪ್ರೋಟೀನೇ. ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಆರ್. ಅಡಿಗ, ನಮ್ಮವರೇ. ಅದೇ ಬಿಳಿಯಲ್ಲಿ ಅವಿಡಿನ್ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಅದು ಬಯೋಟಿನ್‌ಗೆ ಅಂಟಿಕೊಂಡರೆ ಬಿಡುವ ಮಾತೇ ಇಲ್ಲ. ಕಬ್ಬಿಣ ಹಿಡಿಯಲು ಮೂರನೆಯದೊಂದು. ಚಿಪ್ಪಿನ ಸಣ್ಣ ರಂಧ್ರದಿಂದ ಬ್ಯಾಕ್ಟೀರಿಯಾ ಒಳಗೆ ನುಗ್ಗಿದರೂ ಬಿಳಿಯಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು ಅನ್ನುವ ಏರ್ಪಾಡು. ಹಳದಿಯಲ್ಲಿ ಊಟ, ಅದರ ಸುತ್ತ ಬರಗಾಲದ ಕಂದಕ. ಬೇಯಿಸಿದರೆ ಅವಿಡಿನ್ ಹಿಡಿತ ಸಡಿಲವಾಗುತ್ತದೆ, ಹಾಗಾಗಿ ಬೆಂದ ಮೊಟ್ಟೆಯಿಂದ ನಮಗೆ ನಷ್ಟವಿಲ್ಲ.

ನಮ್ಮ ಮೈಯಲ್ಲೂ ಇಂಥದ್ದು ಇದೆ. ಕೀವಿನಲ್ಲಿ ತುಂಬಿರುವ ನ್ಯೂಟ್ರೋಫಿಲ್ ಕಣಗಳಲ್ಲಿ, ಎಂಜಲಿನಲ್ಲಿ, ಎದೆಹಾಲಿನಲ್ಲಿ ಬಿ12 ಹಿಡಿಯುವ ಹ್ಯಾಪ್ಟೊಕಾರಿನ್ ಅನ್ನುವ ಪ್ರೋಟೀನ್ ಇದೆ.

ಆದರೆ ಬಚ್ಚಿಡುವುದು ಬೇರೆ, ಇಲ್ಲದಿರುವುದು ಬೇರೆ. ಕಳ್ಳ ಬಂದ ಅಂತ ದುಡ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ, ಸುಟ್ಟು ಹಾಕುವುದಿಲ್ಲ. ಸೋಂಕಿನ ವಿರುದ್ಧ ಹೋರಾಡುವ ಕಣಗಳು ದಿನಕ್ಕೆ ಕೋಟಿಗಟ್ಟಲೆ ಹೊಸದಾಗಿ ಹುಟ್ಟಬೇಕು. ಅವಕ್ಕೆ ಫೋಲೇಟ್ ಬೇಕು, ಬಿ12 ಬೇಕು, ಬಿ6 ಬೇಕು, ಎಲ್ಲಕ್ಕಿಂತ ಮೊದಲು ಪ್ರೋಟೀನ್ ಬೇಕು. ರೋಗಿ ಉಪವಾಸ ಬಿದ್ದರೆ ಮೊದಲು ಸೊರಗುವುದು ಆ ಸೈನ್ಯ.

ಕಬ್ಬಿಣದ ಮಾತ್ರೆ ಯಾವಾಗ ಕೊಡಬೇಕು ಅನ್ನುವುದನ್ನು ಡಾಕ್ಟರಿಗೆ ಬಿಡಿ. ಅದು ಬೇರೆಯೇ ಲೆಕ್ಕ.

ಔಷಧಿ ಅಂಗಡಿ, ಸಾಗರ

ಸ್ವಂತ ಅಡುಗೆ ಅನ್ನುವುದೇ ಕ್ರಿಮಿಗೆ ಮುಳುವಾದ ಕತೆ ನನ್ನ ಅಂಗಡಿಯ ಕಪಾಟಿನಲ್ಲೇ ಇದೆ: ಸಲ್ಫಾ ಮಾತ್ರೆ.

ನಾವು ಫೋಲೇಟ್ ತಿನ್ನುತ್ತೇವೆ, ಮಾಡುವುದಿಲ್ಲ. ಬಹಳಷ್ಟು ಬ್ಯಾಕ್ಟೀರಿಯಾ ಮಾಡುತ್ತವೆ, ಹೊರಗಿನದನ್ನು ಒಳಗೆ ತೆಗೆದುಕೊಳ್ಳಲು ಅವಕ್ಕೆ ಬರುವುದಿಲ್ಲ. ಮಾಡಲು ಬೇಕಾದ ಒಂದು ಕಚ್ಚಾ ವಸ್ತು ಪಾಬಾ. ಸಲ್ಫಾ ನೋಡಲು ಥೇಟ್ ಪಾಬಾದ ಹಾಗೆಯೇ. ಬ್ಯಾಕ್ಟೀರಿಯಾದ ಕಿಣ್ವ ಮೋಸಹೋಗಿ ಅದನ್ನೇ ಹಿಡಿದುಕೊಂಡು ಕೂರುತ್ತದೆ, ಫೋಲೇಟ್ ನಿಂತುಹೋಗುತ್ತದೆ. ನಮ್ಮಲ್ಲಿ ಆ ಕಿಣ್ವವೇ ಇಲ್ಲದ್ದರಿಂದ ನಮಗೆ ಆ ಪೆಟ್ಟಿಲ್ಲ. ಜರ್ಮನಿಯ ಡೋಮಾಕ್ ಮೊದಲ ಸಲ್ಫಾ ಔಷಧಿಯ ಫಲಿತಾಂಶ ಪ್ರಕಟಿಸಿದ್ದು 1935ರಲ್ಲಿ. ಅದು ಪಾಬಾ ಜೊತೆ ಪೈಪೋಟಿ ಮಾಡುತ್ತದೆ ಅಂತ ಇಂಗ್ಲೆಂಡಿನ ವುಡ್ಸ್ ತೋರಿಸಿದ್ದು 1940ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಬದುಕಿ ಮನೆಗೆ ಹೋಗಿದ್ದರು.

ಇದರ ನಂಟು ಟಿಬಿಗೂ ಇದೆ. ಹಿಂದೆ ವರ್ಷಗಟ್ಟಲೆ ಕೊಡುತ್ತಿದ್ದ ಪಿಎಎಸ್ ಪುಡಿ ಕೂಡ ಪಾಬಾದ ವೇಷದಲ್ಲೇ ಫೋಲೇಟ್ ಕಾರ್ಖಾನೆಗೆ ಹೋಗಿ ಒಳಗಿನಿಂದ ಕೆಡಿಸುತ್ತದೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ತಡೆಯುವುದೂ ಅದೇ ಕಿಣ್ವವನ್ನು.

ಫೋಲಿಕ್ ಆಮ್ಲದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವ ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಅಮೆರಿಕದ ಲೆಡರ್ಲೆ ಲ್ಯಾಬಿನಲ್ಲಿ ಗುಂಪು ಕಟ್ಟಿ 1940ರ ದಶಕದಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿದವರು. ಮಂಗಳೂರು, ಉಡುಪಿ ಕಡೆಯವರು ಆನೆಕಾಲು ರೋಗಕ್ಕೆ ನುಂಗಿದ ಡಿಇಸಿ ಮಾತ್ರೆಯೂ ಅವರ ಲ್ಯಾಬಿನದೇ. ಅವರ ಹೆಸರು ನಮ್ಮ ಶಾಲೆ ಪುಸ್ತಕಗಳಲ್ಲಿ ಇನ್ನೂ ಜಾಸ್ತಿ ಬರಬೇಕು.

ದೂರದೂರಿನ ಕನ್ನಡಿಗ

ಈ ಚರ್ಚೆಗೆ ಇಷ್ಟು ತಡವಾಗಿ ಬಂದೆನಲ್ಲ ಅನ್ನಿಸಿತು. ನಾನು ಇದೇ ಕ್ಷೇತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೂರು ವಿಷಯ ಹೇಳುತ್ತೇನೆ, ಒಂದು ಸ್ವಲ್ಪ ಉದ್ದ.

ಮೊದಲನೆಯದು ಅಮ್ಮನ ಮಾತ್ರೆಯದ್ದೇ. 1945ರಲ್ಲಿ ಫ್ರಾನ್ಸಿನ ಶೋರಿನ್ ಅನ್ನುವವರು ನಿಕೊಟಿನಮೈಡ್, ಅಂದರೆ ಬಿ3ಯ ಒಂದು ರೂಪ, ಟಿಬಿ ಬಂದ ಪ್ರಾಣಿಗಳಲ್ಲಿ ರೋಗ ತಡೆಯುತ್ತದೆ ಅಂತ ಕಂಡರು. ವಿಟಮಿನ್ನೇ ಟಿಬಿಯನ್ನು ತಡೆದದ್ದು! ರಸಾಯನಶಾಸ್ತ್ರದವರು ಅದರ ಹೋಲಿಕೆಯ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋದರು. 1952ರ ಹೊತ್ತಿಗೆ ಐಸೋನಿಯಾಜಿಡ್, ಪೈರಾಜಿನಮೈಡ್ ಎರಡೂ ಸಿಕ್ಕವು. ನಿಮ್ಮಮ್ಮ ದಿನಾ ನುಂಗುವ ನಾಲ್ಕರಲ್ಲಿ ಎರಡು ಔಷಧಿ ಬಿ3ಯ ದಾಯಾದಿಗಳು.

ಅವು ಕೆಲಸ ಮಾಡುವ ರೀತಿ ನೋಡಿ. ಬಿ3ಯನ್ನು ಮರುಬಳಕೆ ಮಾಡಲು ಟಿಬಿ ಬ್ಯಾಕ್ಟೀರಿಯಾದ ಹತ್ತಿರ ಒಂದು ಕಿಣ್ವ ಇದೆ, ಪಿಎನ್‌ಸಿಎ. ಪೈರಾಜಿನಮೈಡ್ ಬಂದಾಗ ಬಿ3ಯೇ ಬಂತು ಅಂದುಕೊಂಡು ಆ ಕಿಣ್ವ ಅದನ್ನು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಉಳಿಯುವುದು ಅಸಲಿ ವಿಷ. ಆ ವಿಷ ಹೋಗಿ ಹಿಡಿಯುವುದು ಪ್ಯಾನ್‌ಡಿ ಅನ್ನುವ ಕಿಣ್ವವನ್ನು. ಮೇಷ್ಟ್ರು ಹೇಳಿದ ಬಿ5 ಮಾಡುವ ಎರಡು ಜೀನ್‌ಗಳಲ್ಲಿ ಒಂದರಿಂದ ಬರುವ ಕಿಣ್ವ ಇದೇ. ಹಿಡಿತಕ್ಕೆ ಸಿಕ್ಕ ಪ್ಯಾನ್‌ಡಿಯನ್ನು ಬ್ಯಾಕ್ಟೀರಿಯಾ ತಾನೇ ಹಾಳು ಸಾಮಾನು ಅಂತ ಪುಡಿ ಮಾಡಿಬಿಡುತ್ತದೆ. ಬಿ3ಯ ಬಾಗಿಲಿನಿಂದ ಒಳಗೆ ಹೋಗಿ ಬಿ5ರ ಒಲೆ ಆರಿಸಿ ಬರುವ ಔಷಧಿ ಅದು. ಪಿಎನ್‌ಸಿಎ ಕೆಟ್ಟುಹೋದ ಬ್ಯಾಕ್ಟೀರಿಯಾಕ್ಕೆ ಪೈರಾಜಿನಮೈಡ್ ನಾಟುವುದಿಲ್ಲ. ಲ್ಯಾಬ್ ಬೆಂಚಿನವರು ಹೇಳಿದ ದನಗಳ ಟಿಬಿಯಲ್ಲಿ ಅದು ಹುಟ್ಟಾ ಕೆಟ್ಟಿದೆ. ಹಾಲು ಕಾಯಿಸದೆ ಕುಡಿಯಬೇಡಿ ಅನ್ನಲು ಇದೂ ಒಂದು ಕಾರಣ.

ಐಸೋನಿಯಾಜಿಡ್ ಬ್ಯಾಕ್ಟೀರಿಯಾದೊಳಗೆ ಎನ್‌ಎಡಿ ಜೊತೆ ಬೆಸೆದುಕೊಳ್ಳುತ್ತದೆ, ಆ ಜೋಡಿ ಮೇಣದ ಹೊದಿಕೆ ನೇಯುವ ಕಿಣ್ವಕ್ಕೆ ಬೀಗ ಹಾಕುತ್ತದೆ.

ಎರಡನೆಯದು ಇಲಿಯ ಎಡವಟ್ಟು. ನಮ್ಮ ರಕ್ತದಲ್ಲಿ ಬಯೋಟಿನ್ ತೀರಾ ಕಡಿಮೆ. ಇಲಿಯ ರಕ್ತದಲ್ಲಿ ಅದರ ಸುಮಾರು 40 ಪಟ್ಟು. ಹೀಗಾಗಿ ಬೇರೆ ಬ್ಯಾಕ್ಟೀರಿಯಾಗಳ ಬಯೋಟಿನ್ ಮಾಡುವ ಜೀನ್ ಕೆಡಿಸಿ ಇಲಿಯಲ್ಲಿ ಪರೀಕ್ಷಿಸಿದಾಗ ಅವಕ್ಕೆ ಪೆಟ್ಟು ಬಿದ್ದಂತೆ ಕಾಣುತ್ತಿರಲಿಲ್ಲ. ಕ್ರಿಮಿ ಇಲಿಯದನ್ನೇ ಕದ್ದು ಬದುಕುತ್ತಿತ್ತು. 2020ರಲ್ಲಿ ಕೆನಡಾದ ಒಂದು ಗುಂಪು ಇಲಿಗೆ ಮೊದಲು ಸ್ಟ್ರೆಪ್ಟಾವಿಡಿನ್ ಕೊಟ್ಟು ಬಯೋಟಿನ್ ಇಳಿಸಿತು. ಮೊಟ್ಟೆಯ ಅವಿಡಿನ್‌ನಂತೆಯೇ ಬಯೋಟಿನ್ ಹಿಡಿಯುವ, ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಪ್ರೋಟೀನ್ ಅದು. ಇಲಿಯ ರಕ್ತ ಮನುಷ್ಯರ ರಕ್ತದಂತಾದ ಮೇಲೆ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್ ಮೂರರ ಮೇಲೂ ಬಯೋಟಿನ್ ತಡೆ ಫಲ ಕೊಟ್ಟಿತು. ಐಸಿಯುಗಳಲ್ಲಿ ಎಷ್ಟೋ ಆಂಟಿಬಯೋಟಿಕ್‌ಗಳಿಗೆ ಬಗ್ಗದೆ ಕಾಡುವ ಹೆಸರುಗಳಿವು. ಔಷಧಿ ಹುಡುಕುವ ಎಷ್ಟು ಒಳ್ಳೆಯ ದಾರಿಗಳನ್ನು ಇಲಿಯ ಮಾತು ಕೇಳಿ ಕಸದ ಬುಟ್ಟಿಗೆ ಹಾಕಿದ್ದೇವೋ ಅನ್ನಿಸಿ ಹೊಟ್ಟೆ ಉರಿಯುತ್ತದೆ.

ಮೂರನೆಯದು ಚಿಕ್ಕದು. ಬ್ಯಾಕ್ಟೀರಿಯಾ ಬಿ2 ಮಾಡುವಾಗ ಒಂದು ಕಸ ಹೊರಬೀಳುತ್ತದೆ. ನಮ್ಮಲ್ಲಿ ಮೈಟ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣಗಳಿವೆ, ಅವು ಆ ಕಸದ ವಾಸನೆ ಹಿಡಿದೇ ಓಡಿ ಬರುತ್ತವೆ. ನಾವು ಬಿ2 ಮಾಡುವುದಿಲ್ಲವಲ್ಲ, ಹಾಗಾಗಿ ಆ ವಾಸನೆ ಬಂದರೆ ಹೊರಗಿನವರು ಬಂದಿದ್ದಾರೆ ಅಂತಲೇ ಅರ್ಥ. ಮೆಲ್ಬರ್ನ್‌ನ ಗುಂಪು 2012ರಲ್ಲಿ ಇದರ ಸುಳಿವು ಹಿಡಿಯಿತು. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಬಿ2 ಮಾಡುವುದನ್ನೇ ಬಿಟ್ಟಿದೆ, ನಮ್ಮ ಜೀವಕೋಶದ ಒಳಗೆ ನುಗ್ಗಿ ಅಲ್ಲಿನದನ್ನೇ ಎಳೆದುಕೊಳ್ಳುತ್ತದೆ. ಒಲೆ ಹಚ್ಚದವನ ಮನೆಯಿಂದ ಹೊಗೆ ಏಳುವುದಿಲ್ಲ.

ಪ್ರಶ್ನೆ ಕೇಳುವವ

ಹಾಗಾದರೆ ಟಿಬಿ ಬ್ಯಾಕ್ಟೀರಿಯಾ ನಮ್ಮಿಂದ ಕದಿಯುವುದು ಏನೂ ಇಲ್ಲವೇ?

ದೂರದೂರಿನ ಕನ್ನಡಿಗ

ಇದೆ. ಬಿ12. ಅದನ್ನು ಹೊರಗಿನಿಂದ ಒಳಗೆ ತರಲು ಅದರ ಪೊರೆಯಲ್ಲಿ ಒಂದು ಪ್ರೋಟೀನ್ ಇದೆ. ನಮ್ಮ ಕೊಲೆಸ್ಟರಾಲ್ ತಿಂದಾಗ ಪ್ರೊಪಿಯೊನೇಟ್ ಅನ್ನುವ ತುಣುಕು ಉಳಿದು ಅದಕ್ಕೇ ವಿಷವಾಗುತ್ತದೆ. ಅದನ್ನು ಸಾಗಹಾಕುವ ದಾರಿಗಳಲ್ಲಿ ಒಂದಕ್ಕೆ ಬಿ12 ಬೇಕು.

ಆದರೆ ಬಿ12 ತಿನ್ನದಿದ್ದರೆ ಟಿಬಿ ಬರುವುದಿಲ್ಲ ಅಂದುಕೊಳ್ಳಬೇಡಿ. ದಕ್ಷಿಣ ಲಂಡನ್ನಿನಲ್ಲಿ ನೆಲೆಸಿದ್ದ ನಮ್ಮ ಕಡೆಯವರನ್ನು 1990ರ ದಶಕದಲ್ಲಿ ನೋಡಿದಾಗ ದಿನಾ ಮೀನು, ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲೇ ಟಿಬಿ ಜಾಸ್ತಿ ಕಂಡಿತ್ತು. ಬಿ12 ಕಡಿಮೆ ಇರುವುದು ಸಸ್ಯಾಹಾರಿಗಳಲ್ಲೇ. ನೆಂಟರ ಲೆಕ್ಕ ಸರಿಯಿದ್ದರೆ ಇದು ತಿರುಗಮುರುಗ ಆಗಬೇಕಿತ್ತು.

ಅಮ್ಮನ ಮಗಳು, ದಾವಣಗೆರೆ

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಬಾಡಿಗೆಯವರ ಒಲೆಯ ಮಾತು ಅವರಿಗೆ ಹಿಡಿಸಿತು. ರಾತ್ರಿ ಬಿ6 ನುಂಗಿದರು. ಅಂಗಾಲು ಜುಮ್ಮೆನ್ನುತ್ತಿಲ್ಲವಂತೆ.

ಈಗ ಅಣ್ಣ ಇನ್ನೊಂದು ತುದಿಗೆ ಹೋಗಿದ್ದಾನೆ. ವಿಟಮಿನ್ ಸಿ ಟಿಬಿ ಕ್ರಿಮಿಯನ್ನು ಕೊಲ್ಲುತ್ತದೆ ಅಂತ ಎಲ್ಲೋ ಓದಿ ದೊಡ್ಡ ಡಬ್ಬಿ ತಂದಿದ್ದಾನೆ. ವಿಟಮಿನ್ ಡಿ ಕೂಡ.

ಕರಾವಳಿ ಡಾಕ್ಟರ್

ಅಣ್ಣ ಓದಿದ್ದು ಸುಳ್ಳಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಸಿ ಟಿಬಿ ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಆದರೆ ಅದು ಲ್ಯಾಬಿನ ಟ್ಯೂಬಿನಲ್ಲಿ, ಊಟದಿಂದ ರಕ್ತದಲ್ಲಿ ಬರುವುದಕ್ಕಿಂತ ತುಂಬಾ ಹೆಚ್ಚಿನ ಪ್ರಮಾಣದಲ್ಲಿ. ಮಾತ್ರೆಗೆ ಬದಲಿ ಅಲ್ಲವೇ ಅಲ್ಲ. ನೆಲ್ಲಿಕಾಯಿ, ಸೀಬೆಹಣ್ಣು ಕೊಡಿ, ಡಬ್ಬಿ ಬೇಡ. ವಿಟಮಿನ್ ಡಿ ಬಗ್ಗೆ ಮಂಗೋಲಿಯಾದಲ್ಲಿ 8,851 ಶಾಲಾ ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಟಿಬಿ ಸೋಂಕು ತಡೆಯಲಿಲ್ಲ. ಕೊರತೆ ಇದ್ದರೆ ಅದನ್ನು ತುಂಬಿಸಲು ಕೊಡುತ್ತೇವೆ, ಅಷ್ಟೇ.

ನಿಜವಾಗಿ ಕೆಲಸ ಮಾಡಿದ್ದು ಯಾವುದು ಗೊತ್ತೇ? ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ದಿನಕ್ಕೊಂದು ವಿಟಮಿನ್ ಮಾತ್ರೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಯವರು ಜಾರ್ಖಂಡ್‌ನಲ್ಲಿ 2,800 ಟಿಬಿ ರೋಗಿಗಳನ್ನು, ಅವರ ಮನೆಯವರು 10,345 ಜನರನ್ನು ನೋಡಿಕೊಂಡರು. ರೋಗಿಗಳೆಲ್ಲರಿಗೂ ಊಟದ ಬುಟ್ಟಿ. ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ ದಿನಸಿ, ವಿಟಮಿನ್. 2023ರಲ್ಲಿ ಫಲಿತಾಂಶ ಬಂತು. ಚೆನ್ನಾಗಿ ಉಂಡ ಮನೆಗಳಲ್ಲಿ ಹೊಸ ಟಿಬಿ 39 ಶೇಕಡಾ ಕಡಿಮೆ, ಹರಡುವ ಬಗೆಯ ಟಿಬಿ 48 ಶೇಕಡಾ ಕಡಿಮೆ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ತುಂಬಾ ಕಡಿಮೆ. ವಿಟಮಿನ್ ಕೊಟ್ಟರೆ ಕ್ರಿಮಿ ಬೆಳೆಯುತ್ತದೆ ಅನ್ನುವುದಾಗಿದ್ದರೆ ಈ ಮನೆಗಳಲ್ಲಿ ಟಿಬಿ ಹೆಚ್ಚಬೇಕಿತ್ತು.

ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ಬರುತ್ತಿದೆಯೇ? 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ. ಬ್ಯಾಂಕ್ ಖಾತೆ ಸೇರಿಸಿಲ್ಲ ಅಂದರೆ ಈ ವಾರವೇ ಸೇರಿಸಿ. ಬರುವ ಎರಡು ತಿಂಗಳು ಪ್ರತಿ ವಾರ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಅಮ್ಮನ ಮಗಳು, ದಾವಣಗೆರೆ

ಆರು ವಾರದ ಮೇಲೆ ಮತ್ತೆ ಬಂದಿದ್ದೇನೆ. ಎರಡು ತಿಂಗಳ ಮಾತ್ರೆ ಮುಗಿಯಿತು. ಕಫ ಪರೀಕ್ಷೆಯಲ್ಲಿ ಕ್ರಿಮಿ ಕಾಣಿಸಲಿಲ್ಲ. ತೂಕ 41 ಕೆಜಿ 200 ಗ್ರಾಂ. ಈಗ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಔಷಧಿಯ ಮಾತ್ರೆ, ಇನ್ನು ನಾಲ್ಕು ತಿಂಗಳು. ಬಿ6 ಮುಂದುವರಿದಿದೆ. ಮಂಡಿ ನೋವು ಇತ್ತು, ಈಗ ಕಡಿಮೆ.

ಅಮ್ಮ ಮೊನ್ನೆ ತಾವೇ ಮೊಟ್ಟೆ ಒಡೆದು ಲೋಟಕ್ಕೆ ಹಾಕಿ ಕಿಟಕಿಯ ಹತ್ತಿರ ಹಿಡಿದು ನೋಡಿದರು. ಮೇಷ್ಟ್ರು ಹೇಳಿದ ಬಣ್ಣ ಕಾಣಿಸಿತು. ಆಮೇಲೆ ಅದನ್ನೇ ಈರುಳ್ಳಿ ಹಾಕಿ ಹುರಿದು ತಿಂದರು.

ಲ್ಯಾಬ್ ಬೆಂಚು, ಶಿವಮೊಗ್ಗ

ತುಂಬಾ ಸಂತೋಷ ಆಯಿತು. ಮೂರು ಕೆಜಿ ಅಂದರೆ ದೊಡ್ಡದು. ಕೋರ್ಸ್ ಮುಗಿಯುವಾಗ ಇನ್ನೊಮ್ಮೆ ಕಫ ಕೊಡಬೇಕು. ಎದ್ದ ಕೂಡಲೇ ಬರಿ ನೀರಿನಿಂದ ಬಾಯಿ ಮುಕ್ಕಳಿಸಿ, ಎರಡು ಸಲ ಜೋರಾಗಿ ಉಸಿರೆಳೆದು ಕೆಮ್ಮಿ ತೆಗೆದದ್ದನ್ನೇ ಡಬ್ಬಿಗೆ ಹಾಕಲಿ. ಸುಮ್ನೆ ಎಂಜಲು ಕೊಟ್ಟರೆ ನಮಗೆ ನೋಡಲು ಏನೂ ಇರುವುದಿಲ್ಲ.